ಮೇ 1ರ ಬೆಳಿಗ್ಗೆ, ಆಕ್ಸ್‌ಫರ್ಡಿನ ಬೀದಿಯಲ್ಲಿ ಮಾರಿಸ್ ಕುಣಿತ

ಎಲ್ಲರಿಗೂ ನಮಸ್ಕಾರ. ಇವತ್ತು ಇಂಗ್ಲೆಂಡಿನ ಜಾನಪದ ಕುಣಿತವಾದ ಮಾರಿಸ್ ಬಗ್ಗೆ ಮಾತಾಡೋಣ. ಇದನ್ನು ವೇದಿಕೆ ಮೇಲೆ ನೋಡಿದರೆ ಅರ್ಧವೂ ದಕ್ಕುವುದಿಲ್ಲ, ನಡುಬೀದಿಯಲ್ಲೇ ನಿಂತು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಆಕ್ಸ್‌ಫರ್ಡಿನ ಮೇ 1ರಿಂದ ಶುರು ಮಾಡುತ್ತೇನೆ.

ಅವತ್ತು ಬೆಳಿಗ್ಗೆ 6 ಗಂಟೆಗೆ ಮಾಡ್ಲಿನ್ ಕಾಲೇಜಿನ ಗೋಪುರದ ಮೇಲಿಂದ ಗಾಯಕರ ತಂಡ ಲ್ಯಾಟಿನ್ ಸ್ತುತಿಗೀತೆ ಹಾಡುತ್ತದೆ. ಕೆಳಗೆ ರಸ್ತೆ ತುಂಬಾ ಜನ, ರಾತ್ರಿಯಿಡೀ ನಿದ್ದೆಗೆಟ್ಟ ವಿದ್ಯಾರ್ಥಿಗಳೂ ಇರುತ್ತಾರೆ. ಗಂಟೆಗಳು ಮೊಳಗಿದ ಮೇಲೆ ಎಲ್ಲರೂ ಪೇಟೆ ಕಡೆ ಹೊರಡುತ್ತಾರೆ. ರ‍್ಯಾಡ್‌ಕ್ಲಿಫ್ ಸ್ಕ್ವೇರ್, ಬ್ರಾಡ್ ಸ್ಟ್ರೀಟ್ ಕಡೆ ಮಾರಿಸ್ ತಂಡಗಳು ಜಾಗ ಹಿಡಿಯುತ್ತವೆ. ಹಸಿರು ಸೊಪ್ಪು ಕಟ್ಟಿದ ದೊಡ್ಡ ಚೌಕಟ್ಟು ಹೊತ್ತು 'ಜ್ಯಾಕ್ ಇನ್ ದ ಗ್ರೀನ್' ಎಂಬ ವೇಷದವನು ಬರುತ್ತಾನೆ.

ಆ ಸೀಮೆಯ ಶೈಲಿಗೆ ಕಾಟ್ಸ್‌ವೋಲ್ಡ್ ಎಂದು ಹೆಸರು. ಸಾಮಾನ್ಯವಾಗಿ ಆರು ಜನ, ಮೂರು ಮೂರರ ಎರಡು ಸಾಲು. ಬಿಳಿ ಬಟ್ಟೆ, ಎದೆ ಮೇಲೆ ಅಡ್ಡಪಟ್ಟಿ. ಮೊಣಕಾಲ ಕೆಳಗೆ ಗೆಜ್ಜೆ ಸಾಲು ಹೊಲಿದ ಚರ್ಮದ ಪಟ್ಟಿ. ಕೆಲವು ಕುಣಿತಕ್ಕೆ ಎರಡೂ ಕೈಯಲ್ಲಿ ದೊಡ್ಡ ಕರವಸ್ತ್ರ, ಇನ್ನು ಕೆಲವಕ್ಕೆ ಕೋಲು. ನಮ್ಮ ಕೋಲಾಟದ ಕೋಲಿಗಿಂತ ಇವು ದಪ್ಪ, ಬಲವಾಗಿ ಬಡಿದಾಗ ಸಿಬಿರು ಹಾರುವುದೂ ಉಂಟು. ಹತ್ತಿರ ನಿಂತವರಿಗೆ ಮಾತ್ರ ತಿಳಿಯುವ ಒಂದು ಸಂಗತಿ ಇದೆ: ಆರೂ ಜನ ಒಟ್ಟಿಗೆ ಮೇಲೆ ಜಿಗಿದಾಗ ಒಂದು ಗಳಿಗೆ ಏನೂ ಕೇಳಿಸುವುದಿಲ್ಲ, ನೆಲಕ್ಕೆ ಕಾಲಿಟ್ಟ ಕೂಡಲೇ ಅಷ್ಟೂ ಗೆಜ್ಜೆ ಒಂದೇ ಸಲ ಝಲ್ ಅನ್ನುತ್ತದೆ. ಒಬ್ಬರು ಚೂರು ತಡ ಮಾಡಿದರೂ ಕಿವಿಗೆ ಗೊತ್ತಾಗಿಬಿಡುತ್ತದೆ.

ಇದು ಬರೀ ಹಬ್ಬದ ಸಂಭ್ರಮ ಅಂದುಕೊಳ್ಳಬೇಡಿ, ಇದರ ಹಿಂದೆ ದುಡಿಯುವವರ ಕಷ್ಟವೂ ಇದೆ. ಲಂಡನ್ನಿನ ಅಕ್ಕಸಾಲಿಗರ ಸಂಘ 1448ರಲ್ಲಿ ಮಾರಿಸ್ ಕುಣಿಯುವವರಿಗೆ 7 ಶಿಲಿಂಗ್ ಕೊಟ್ಟ ಲೆಕ್ಕ ಇವತ್ತಿಗೂ ಇದೆ. 1899ರ ಡಿಸೆಂಬರ್ 26ರಂದು, ಆಕ್ಸ್‌ಫರ್ಡ್ ಪಕ್ಕದ ಹೆಡಿಂಗ್ಟನ್ ಕ್ವಾರಿಯ ತಂಡ ಕುಣಿಯುವ ಕಾಲವಲ್ಲದಿದ್ದರೂ ಹೊರಗೆ ಬಂತು, ಯಾಕೆಂದರೆ ಚಳಿಗೆ ಕಟ್ಟಡದ ಕೆಲಸ ನಿಂತು ಕೈಯಲ್ಲಿ ಕಾಸಿರಲಿಲ್ಲ. ಕನ್ಸರ್ಟಿನಾ ಎಂಬ ಪುಟ್ಟ ತಿದಿವಾದ್ಯ ನುಡಿಸುತ್ತಿದ್ದವನು ವಿಲಿಯಂ ಕಿಂಬರ್, ಗಾರೆ ಕೆಲಸದವನು. ಅವರು ಯಾವ ಮನೆ ಮುಂದೆ ಕುಣಿದರೋ ಆ ಮನೆಯಲ್ಲಿ ಉಳಿದುಕೊಂಡಿದ್ದ ಸಂಗೀತದ ಮೇಷ್ಟ್ರು ಸೆಸಿಲ್ ಶಾರ್ಪ್ ಅದನ್ನು ನೋಡಿ, ಮಾರನೆಯ ದಿನ ಕಿಂಬರ್‌ನನ್ನು ಕರೆಸಿ ಮಟ್ಟುಗಳನ್ನು ಬರೆದುಕೊಂಡ.

ಶಾರ್ಪ್ ಹೆಸರು ಎಲ್ಲರೂ ಹೇಳುತ್ತಾರೆ. ಮೇರಿ ನೀಲ್ ಹೆಸರು ಅಷ್ಟು ಕೇಳಿಬರುವುದಿಲ್ಲ, ಅದು ನನಗೆ ಅನ್ಯಾಯ ಅನ್ನಿಸುತ್ತದೆ. 1905ರಲ್ಲಿ ಕಿಂಬರ್‌ನನ್ನು ಲಂಡನ್ನಿಗೆ ಕರೆಸಿ, ಬಟ್ಟೆ ಹೊಲಿದು ಬದುಕುತ್ತಿದ್ದ ಹುಡುಗಿಯರಿಗೆ ಈ ಕುಣಿತ ಕಲಿಸಿದ್ದು ಮೇರಿ ನಡೆಸುತ್ತಿದ್ದ ಎಸ್ಪರಾನ್ಸ್ ಕ್ಲಬ್. ಆ ಹುಡುಗಿಯರೇ ಮುಂದೆ ದೇಶದ ಬೇರೆ ಬೇರೆ ಕಡೆ ಹೋಗಿ ಕಲಿಸಿದರು. ಅಷ್ಟಾದರೂ 1934ರಲ್ಲಿ ಹುಟ್ಟಿದ ಮಾರಿಸ್ ರಿಂಗ್ ಒಕ್ಕೂಟ ಗಂಡಸರ ತಂಡಗಳಿಗೆ ಮಾತ್ರ ಅಂತ ಉಳಿಯಿತು. ಹೆಂಗಸರು 1975ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ರಿಂಗ್ ತನ್ನ ಬಾಗಿಲು ತೆರೆದದ್ದು ತೀರಾ ಇತ್ತೀಚೆಗೆ.

ವೇಲ್ಸ್ ಗಡಿ ಕಡೆಯ ಶೈಲಿಯಲ್ಲಿ ಮುಖಕ್ಕೆಲ್ಲ ಕಪ್ಪು ಬಳಿದುಕೊಳ್ಳುವ ರೂಢಿ ಇತ್ತು. ಹಳೆಯ ಪದ್ಧತಿ ಅಂತ ವಾದಿಸುವವರಿದ್ದರು, ಆದರೆ ನೋಡುವ ಕರಿಯ ಜನರ ಮನಸ್ಸಿಗೆ ಅದು ಚುಚ್ಚುತ್ತದೆ ಅಲ್ವಾ? 2020ರಲ್ಲಿ ಒಕ್ಕೂಟಗಳು ಸೇರಿ ಅದನ್ನು ಬಿಡಬೇಕೆಂದು ಹೇಳಿದವು. ಸರಿಯಾದದ್ದನ್ನೇ ಮಾಡಿದರು. ಈಗ ನೀಲಿ, ಹಸಿರು ಬಳಿದುಕೊಂಡು ಕುಣಿಯುವ ತಂಡಗಳಿವೆ, ಕುಣಿತದ ಜೋರು ಒಂಚೂರೂ ಕಮ್ಮಿಯಾಗಿಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮವರು ಒಮ್ಮೆ ಮೇ 1ಕ್ಕೆ ಆಕ್ಸ್‌ಫರ್ಡಿಗೆ ಹೋಗಿ. 6ಕ್ಕೆ ಮುಂಚೆಯೇ ಮಾಡ್ಲಿನ್ ಸೇತುವೆ ಹತ್ತಿರ ಇರಿ, ಬೆಚ್ಚಗೆ ಹಾಕಿಕೊಳ್ಳಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ, ಆದರೆ ಕೋಲಿನಿಂದ ದೂರ. ಕೊನೆಗೆ ನೋಡುವವರನ್ನೂ ಕೈಹಿಡಿದು ಎಳೆಯುತ್ತಾರೆ, ಸುಮ್ನೆ ಹೋಗಿ ಕುಣಿಯಿರಿ.