ತಕ್ಕಡಿಗೆ ಗೊತ್ತಾಗದ ಕೈಗಳು

ಕೇಳುಗರಿಗೆಲ್ಲ ನಮಸ್ಕಾರ.

ಈಗ ಕಾಫಿ ಕುಯ್ಲಿನ ಸಮಯ. ಅರೇಬಿಕಾ ಮುಗಿಯುತ್ತಾ ಬಂತು, ರೋಬಸ್ಟಾ ಹಣ್ಣಾಗಿದೆ. ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ, ಸುಂಟಿಕೊಪ್ಪ, ಎಲ್ಲಿ ನೋಡಿದರೂ ಬೆಳಿಗ್ಗೆ ಜೀಪು ತುಂಬಾ ಜನ ತೋಟಕ್ಕೆ ಹೋಗುತ್ತಾರೆ. ಇದೇ ತಿಂಗಳುಗಳಲ್ಲಿ ತೋಟದ ಪಕ್ಕದ ಶಾಲೆಯಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಹುಡುಗಿ ಯಾಕೆ ಬಂದಿಲ್ಲ ಅಂತ ಕೇಳಿದರೆ, 'ತಮ್ಮನನ್ನು ನೋಡಿಕೊಂಡು ಲೈನ್‌ಮನೆಯಲ್ಲಿದ್ದಾಳೆ ಟೀಚರ್' ಅನ್ನುತ್ತಾರೆ. ಲೈನ್‌ಮನೆ ಅಂದರೆ ತೋಟದ ಆಳುಗಳ ಸಾಲುಮನೆ. ಇಲ್ಲವೇ ಅಮ್ಮನ ಜೊತೆ ತೋಟಕ್ಕೆ ಹೋಗಿರುತ್ತಾಳೆ. ಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಉತ್ತರ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆ ಹುಡುಗಿಯನ್ನು ಯಾರೂ ಕೆಲಸಕ್ಕೆ ಸೇರಿಸಿಕೊಂಡಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಕುಯ್ಲಿಗೆ ಕೂಲಿ ಕೊಡುವುದು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ. ಮಗಳು ಬಿಡಿಸಿದ ಹಣ್ಣು ಅಮ್ಮನ ಚೀಲಕ್ಕೆ ಬೀಳುತ್ತದೆ. ಸಂಜೆ ತೂಕ ಹಾಕುವಾಗ ಅದು ಎಷ್ಟು ಕೈಗಳ ದುಡಿಮೆ ಅಂತ ತಕ್ಕಡಿ ಹೇಳುವುದಿಲ್ಲ. ತೋಟದಲ್ಲಿ ಮಕ್ಕಳ ದುಡಿಮೆ ಉಳಿದುಕೊಂಡಿರುವುದು ಹೀಗೆ. ಮಗುವಿನ ವಯಸ್ಸನ್ನಷ್ಟೇ ನೋಡುವ ಕಾನೂನು ಇಲ್ಲಿ ಸಾಲದು. ಅಮ್ಮನ ಕೂಲಿ, ಮನೆ, ಸಾಲ ಇವನ್ನೂ ನೋಡಬೇಕು.

ಕಾನೂನು ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆ ಗಿರಣಿಗಳಲ್ಲಿ. ಇಂಗ್ಲೆಂಡಿನಲ್ಲಿ 1833ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆ ನಿಲ್ಲಿಸಿತು, ತಪಾಸಣೆಗೆ ಇನ್‌ಸ್ಪೆಕ್ಟರುಗಳನ್ನೂ ನೇಮಿಸಿತು. ಭಾರತದಲ್ಲಿ 1881ರ ಕಾರ್ಖಾನೆ ಕಾಯ್ದೆ ಬಂತು. ಅದು ತಡೆದದ್ದು ಏಳು ವರ್ಷದೊಳಗಿನವರನ್ನು ಮಾತ್ರ. ಏಳು ದಾಟಿದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. ನಮ್ಮ ಒಂದನೇ, ಎರಡನೇ ಕ್ಲಾಸಿನ ಮಕ್ಕಳನ್ನು ನೆನೆಸಿಕೊಳ್ಳಿ.

ತೋಟಗಳಿಗೆ ಆ ಕಾಲದಲ್ಲಿ ಬೇರೆಯೇ ಥರದ ಕಾನೂನು ಇತ್ತು. 1859ರ ಕಾಯ್ದೆಯ ಪ್ರಕಾರ, ಮುಂಗಡ ತೆಗೆದುಕೊಂಡ ಆಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ವಾಪಸ್ ಕೆಲಸಕ್ಕೆ ಕಳಿಸಬಹುದಿತ್ತು, ಒಪ್ಪದಿದ್ದರೆ ಜೈಲಿಗೂ ಹಾಕಬಹುದಿತ್ತು. ಆಗಷ್ಟೇ ಕೊಡಗಿನಲ್ಲಿ ಬಿಳಿಯರ ಕಾಫಿ ತೋಟಗಳು ಏಳುತ್ತಿದ್ದವು. ಆಳುಗಳನ್ನು ಕರೆತರುವ ಮೇಸ್ತ್ರಿ, ಅವನ ಕೈಯಲ್ಲಿ ಮುಂಗಡ, ಬೆನ್ನಿಗೆ ಸರ್ಕಾರ. 1925ರಲ್ಲಿ ಆ ಕಾನೂನನ್ನು ರದ್ದು ಮಾಡಿದರು. ಮುಂಗಡ ಮಾತ್ರ ಹೋಗಲಿಲ್ಲ. ಅಪ್ಪ ತೆಗೆದುಕೊಂಡ ಸಾಲಕ್ಕೆ ಮಗ ದುಡಿಯುವುದು ಇಲ್ಲಿನ ಆದಿವಾಸಿ ಯರವ, ಕುರುಬ ಕುಟುಂಬಗಳ ಹಿರಿಯರಿಗೆ ಹೊಸ ಸುದ್ದಿಯಲ್ಲ.

ಮಗುವಿನ ದುಡಿಮೆಯನ್ನು ಅಡವಿಡುವ ಒಪ್ಪಂದ ನಡೆಯುವುದಿಲ್ಲ ಅಂತ 1933ರಲ್ಲೇ ಕಾಯ್ದೆ ಹೇಳಿತು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಜೀತದ ಸಾಲ ಪೂರ್ತಿ ಮನ್ನಾ, ಅದನ್ನು ತೀರಿಸಬೇಕಾಗಿಯೇ ಇಲ್ಲ. ಇದು ಎಷ್ಟೋ ಲೈನ್‌ಮನೆಗಳಿಗೆ ಇವತ್ತಿಗೂ ತಲುಪಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ.

ಇನ್ನು ತೋಟ ಕಾರ್ಮಿಕರ ಕಾಯ್ದೆಗೆ ಬರೋಣ. 1951ರಲ್ಲಿ ಬಂತು. ಮನೆ, ಆಸ್ಪತ್ರೆ, ರಜೆ, ಕೂಸುಗಳನ್ನು ನೋಡಿಕೊಳ್ಳುವ ಶಿಶುಗೃಹ, ತೋಟದ ಮಕ್ಕಳಿಗೆ ಓದು, ಎಲ್ಲವನ್ನೂ ಒಂದೇ ಕಡೆ ಬರೆದ ಒಳ್ಳೆಯ ಕಾನೂನು ಅದು. ಹನ್ನೆರಡು ವರ್ಷದೊಳಗಿನ ಮಕ್ಕಳು ತೋಟದಲ್ಲಿ ದುಡಿಯಬಾರದು ಅಂತಲೂ ಇತ್ತು. 1986ರಲ್ಲಿ ದೇಶಕ್ಕೆಲ್ಲ ಬಾಲಕಾರ್ಮಿಕ ಕಾಯ್ದೆ ಬಂದಾಗ ಏನಾಯಿತು ಗೊತ್ತಾ? ಅದೇ ಕಾಯ್ದೆ ತೋಟದ ಕಾನೂನಿನಿಂದ ಆ ಹನ್ನೆರಡು ವರ್ಷದ ಕಲಮನ್ನು ತೆಗೆದುಹಾಕಿತು. ಕೆಲವು ಅಪಾಯದ ಕೆಲಸಗಳನ್ನಷ್ಟೇ ನಿಷೇಧಿಸಿ, ಉಳಿದ ಕಡೆ ಗಂಟೆಗಳ ಮಿತಿ ಹಾಕಿತು. ಯಾವ ಮಗುವನ್ನೂ ತೋಟದ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅನ್ನುವ ಮಾತು ತೋಟದ ಕಾಯ್ದೆಗೆ ಬಂದದ್ದು 2010ರಲ್ಲಿ. ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ಜಾರಿಗೆ ಬಂದದ್ದೂ ಅದೇ ವರ್ಷ. ನಡುವಿನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ತಲೆಮಾರಿನ ಮಕ್ಕಳು ದೊಡ್ಡವರಾಗಿಬಿಟ್ಟರು. ಅವರ ಓದನ್ನು ಈಗ ಯಾರು ವಾಪಸ್ ಕೊಡುತ್ತಾರೆ?

ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಮಾತು ಸ್ಪಷ್ಟವಾಗಿದೆ. ಹದಿನಾಲ್ಕು ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ನಿಮ್ಮದೇ ಚಿಕ್ಕ ತೋಟದಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ ಮಗ ಸ್ವಲ್ಪ ಕೈಜೋಡಿಸಿದರೆ ಅದು ತಪ್ಪಲ್ಲ, ಅಪಾಯದ ಕೆಲಸ ಆಗಿರಬಾರದು ಅಷ್ಟೇ. ಬೇರೆಯವರ ತೋಟದಲ್ಲಿ ಅಮ್ಮನ ಚೀಲ ತುಂಬುವುದಕ್ಕೆ ಈ ವಿನಾಯಿತಿ ಇಲ್ಲ.

ಹಾಗಂತ ಅಮ್ಮನನ್ನು ದೂರುವುದು ಸರಿಯಲ್ಲ. 1982ರಲ್ಲಿ, ದೆಹಲಿಯ ಏಷ್ಯಾಡ್ ಅಂದರೆ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೇ ಅಂತ. ಇಡೀ ದಿನ ಬಿಡಿಸಿದರೂ ಕಿಲೋ ಲೆಕ್ಕದಲ್ಲಿ ಒಬ್ಬಳಿಗೆ ಕನಿಷ್ಠ ಕೂಲಿ ಹುಟ್ಟದಿದ್ದರೆ, ಅವಳು ಮಗಳನ್ನು ಕರೆದುಕೊಂಡು ಬರದೆ ಇನ್ನೇನು ಮಾಡಿಯಾಳು?

ಶಿಶುಗೃಹದ ವಿಷಯವೂ ಹಾಗೇ. ತೋಟ ಕಾರ್ಮಿಕರ ಕಾಯ್ದೆ ಅದನ್ನು ಕೇಳಿದ್ದು ಐವತ್ತು ಹೆಣ್ಣಾಳುಗಳಿರುವ, ಅಥವಾ ಅವರ ಇಪ್ಪತ್ತು ಮಕ್ಕಳಿರುವ ತೋಟಕ್ಕೆ. ಕೊಡಗಿನಲ್ಲಿ ಚಿಕ್ಕ ಹಿಡುವಳಿಗಳೇ ಜಾಸ್ತಿ. ಅಲ್ಲಿ ಕೂಸನ್ನು ನೋಡಿಕೊಳ್ಳುವುದು ಅದರ ಅಕ್ಕನೇ, ಅದೂ ಶಾಲೆ ಬಿಟ್ಟು. ಅಕ್ಕಪಕ್ಕದ ನಾಲ್ಕಾರು ಬೆಳೆಗಾರರು ಸೇರಿ ಕುಯ್ಲಿನ ತಿಂಗಳುಗಳಿಗೆ ಒಂದು ಕೋಣೆ, ಒಬ್ಬ ಆಯಾ, ಮಧ್ಯಾಹ್ನದ ಊಟ ಏರ್ಪಾಡು ಮಾಡಲಾರರೇ? ಪಂಚಾಯಿತಿಯೂ ಕೈಜೋಡಿಸಲಿ. ದುಬಾರಿ ಕೆಲಸ ಅಲ್ಲ. ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳಿಗೂ ಅಲ್ಲಿ ಜಾಗ ಇರಲಿ, ಅವರನ್ನು ಹತ್ತಿರದ ಶಾಲೆಗೂ ಸೇರಿಸಲಿ. ವರ್ಷದ ಮಧ್ಯದಲ್ಲಿ ಬಂದರು, ಕಾಗದಪತ್ರ ಇಲ್ಲ ಅಂತ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ.

ನಿಮ್ಮ ಕಣ್ಣೆದುರು ಮಗು ದುಡಿಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ತೋಟದ ಹೆಸರು, ಊರು, ಮಗು ಎಲ್ಲಿದೆ ಅನ್ನುವುದನ್ನು ಸರಿಯಾಗಿ ಹೇಳಿ. ಸಾಲಕ್ಕೆ ಸಿಕ್ಕಿಕೊಂಡ ಕುಟುಂಬ ಅನ್ನಿಸಿದರೆ ಅದನ್ನೂ ಸೇರಿಸಿ ಹೇಳಿ. ಆಗ ಮಗುವಿನ ಜೊತೆ ಅಪ್ಪ ಅಮ್ಮನ ಬಿಡುಗಡೆಗೂ ದಾರಿಯಾಗುತ್ತದೆ.

ನಮಸ್ಕಾರ.