ಟಾಸ್‌ಗೂ ಮುಂಚೆ ಶುರುವಾಗುವ ಟೆಸ್ಟ್

ಕೇಳುಗರಿಗೆಲ್ಲ ನಮಸ್ಕಾರ.

ಟೆಸ್ಟ್ ಪಂದ್ಯದ ಮೊದಲ ಬೆಳಿಗ್ಗೆ, ಟಾಸ್‌ಗೂ ಮುಂಚೆ, ಇಬ್ಬರು ನಾಯಕರೂ ಪಿಚ್ ಹತ್ತಿರ ಹೋಗುತ್ತಾರೆ. ಬಗ್ಗಿ ನೋಡುತ್ತಾರೆ. ಬೆರಳಿನಿಂದ ಒತ್ತುತ್ತಾರೆ. ಬ್ಯಾಟಿನ ತುದಿಯಿಂದ ತಟ್ಟಿ ಸದ್ದು ಕೇಳುತ್ತಾರೆ. ಅವರು ಹುಡುಕುತ್ತಿರುವುದು ಎರಡು ಉತ್ತರ. ಈ ನೆಲ ಇವತ್ತು ಏನು ಮಾಡುತ್ತದೆ? ನಾಲ್ಕನೇ ದಿನ ಸಂಜೆ ಹೊತ್ತಿಗೆ ಏನಾಗಿರುತ್ತದೆ? ಎರಡಕ್ಕೂ ಒಟ್ಟಿಗೆ ಉತ್ತರ ಕಂಡುಕೊಂಡ ತಂಡದ ಕೆಲಸ ಸುಲಭ. ಒಂದಕ್ಕೆ ಮಾತ್ರ ಕಂಡುಕೊಂಡವರ ಕಷ್ಟವನ್ನು ನಾವು ಬೆಂಗಳೂರಿನಲ್ಲೇ ನೋಡಿದ್ದೇವೆ.

ಪಿಚ್ ಅಂದರೆ 22 ಗಜ ಉದ್ದ, 10 ಅಡಿ ಅಗಲದ ನೆಲ. ಜೇಡಿಮಣ್ಣು, ಅದರ ಮೇಲೆ ಹುಲ್ಲು, ಒಳಗೆ ಒಂದಷ್ಟು ತೇವ. ತೇವ ಇದ್ದಾಗ ಚೆಂಡಿನ ಹೊಲಿಗೆ ನೆಲವನ್ನು ಕಚ್ಚುತ್ತದೆ, ಚೆಂಡು ಅತ್ತ ಇತ್ತ ಸರಿಯುತ್ತದೆ. ಆಗ ವೇಗಿಗಳಿಗೆ ಹಬ್ಬ. ಬಿಸಿಲು ಬಿದ್ದು ತೇವ ಆರಿದರೆ ಬ್ಯಾಟರ್‌ಗಳ ಕಾಲ. ಇನ್ನೂ ಒಣಗಿದರೆ ಬಿರುಕು ಬಿಡುತ್ತದೆ, ಬೌಲರ್‌ಗಳ ಬೂಟು ಊರಿದ ಜಾಗ ಕಿತ್ತು ಒರಟಾಗುತ್ತದೆ. ಅಲ್ಲಿಂದ ಸ್ಪಿನ್ನರ್‌ಗಳ ಆಟ. ಮಣ್ಣಿನ ಬಣ್ಣವೂ ಮುಖ್ಯ. ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಚೆಂಡು ಚೆನ್ನಾಗಿ ಪುಟಿಯುತ್ತದೆ. ಕಪ್ಪು ಮಣ್ಣಿನಲ್ಲಿ ನಿಧಾನವಾಗಿ, ತಗ್ಗಿನಲ್ಲಿ ಬರುತ್ತದೆ.

ಹನ್ನೊಂದು ಜನರ ಆಯ್ಕೆ ನಿಲ್ಲುವುದು ಇದರ ಮೇಲೆ. ಮೂರನೇ ವೇಗಿ ಬೇಕೋ, ಎರಡನೇ ಸ್ಪಿನ್ನರ್ ಬೇಕೋ? ಆರು ಬ್ಯಾಟರ್‌ಗಳೋ, ಐದು ಬೌಲರ್‌ಗಳೋ? ರೋಲರ್ ವಿಷಯದಲ್ಲೂ ಲೆಕ್ಕಾಚಾರ ಇದೆ. ಪಂದ್ಯದ ಮೊದಲ ಇನಿಂಗ್ಸ್ ಬಿಟ್ಟು ಉಳಿದವು ಶುರುವಾಗುವ ಮುಂಚೆ, ಎರಡನೇ ದಿನದಿಂದ ಪ್ರತಿ ದಿನದ ಆಟದ ಮುಂಚೆ, ಬ್ಯಾಟಿಂಗ್ ತಂಡದ ನಾಯಕ 7 ನಿಮಿಷದವರೆಗೆ ರೋಲರ್ ಎಳೆಸಬಹುದು. ಭಾರದ್ದೋ ಹಗುರದ್ದೋ ಅವನೇ ಹೇಳಬೇಕು. ಬಿರುಕು ಬಿಟ್ಟ ಪಿಚ್ ಮೇಲೆ ಭಾರದ ರೋಲರ್ ಎಳೆದರೆ ಸ್ವಲ್ಪ ಹೊತ್ತು ಮಟ್ಟಸವಾಗಬಹುದು, ಅಥವಾ ಪುಡಿ ಏಳಬಹುದು. ಎರಡೂ ಸಾಧ್ಯ.

ಪಿಚ್ ಗಂಟೆಗಂಟೆಗೂ ಬದಲಾಗುತ್ತದೆ ಅನ್ನುವುದನ್ನು ಆಸ್ಟ್ರೇಲಿಯಾದ ನಾಯಕ ಡಾನ್ ಬ್ರಾಡ್ಮನ್‌ಗಿಂತ ಚೆನ್ನಾಗಿ ಬಳಸಿಕೊಂಡವರನ್ನು ನಾನು ಕೇಳಿಲ್ಲ. 1937ರ ಜನವರಿ, ಮೆಲ್ಬರ್ನ್. ಆಗ ಮಳೆ ಬಂದರೆ ಈಗಿನ ಹಾಗೆ ಪಿಚ್ ಪೂರ್ತಿ ಮುಚ್ಚುತ್ತಿರಲಿಲ್ಲ. ನೆನೆದ ಪಿಚ್ ಬಿಸಿಲಿಗೆ ಆರುವಾಗ ಚೆಂಡು ಎದೆಗೂ ಏಳುತ್ತಿತ್ತು, ಪಾದಕ್ಕೂ ಬರುತ್ತಿತ್ತು. ಮೊದಲೆರಡು ಟೆಸ್ಟ್ ಸೋತಿದ್ದ ಆಸ್ಟ್ರೇಲಿಯಾ ಮೂರನೆಯದರಲ್ಲಿ 9 ವಿಕೆಟ್‌ಗೆ 200 ಇದ್ದಾಗ ಡಿಕ್ಲೇರ್ ಮಾಡಿತು, ಅಂದರೆ ತನ್ನ ಇನಿಂಗ್ಸನ್ನು ತಾನೇ ನಿಲ್ಲಿಸಿತು. ಕೆಟ್ಟ ಪಿಚ್ ಮೇಲೆ ಇಂಗ್ಲೆಂಡ್ ಆಡಲಿ ಅಂತ. ಇಂಗ್ಲೆಂಡ್ 9 ವಿಕೆಟ್‌ಗೆ 76 ಆದಾಗ ಅವರ ನಾಯಕ ಗಬ್ಬಿ ಅಲೆನ್ ಕೂಡ ಡಿಕ್ಲೇರ್ ಮಾಡಿದರು. ಈಗ ಮತ್ತೆ ಆಸ್ಟ್ರೇಲಿಯಾ ಆಡಬೇಕು, ದಿನ ಮುಗಿಯಲು ಸ್ವಲ್ಪವೇ ಹೊತ್ತು ಇದೆ. ಬ್ರಾಡ್ಮನ್ ಏನು ಮಾಡಿದರು ಗೊತ್ತಾ? ಬ್ಯಾಟಿಂಗ್ ಕ್ರಮವನ್ನೇ ತಲೆಕೆಳಗು ಮಾಡಿದರು. ಬೌಲರ್‌ಗಳಾದ ಓರೈಲಿ ಮತ್ತು ಫ್ಲೀಟ್‌ವುಡ್-ಸ್ಮಿತ್ ಇನಿಂಗ್ಸ್ ಆರಂಭಿಸಿದರು. ಮಾರನೇ ದಿನ ಭಾನುವಾರ, ಆಟಕ್ಕೆ ರಜೆ. ಪಿಚ್ ಆರಲು ಅಷ್ಟು ಸಮಯ ಸಿಕ್ಕಿತು. ಏಳನೆಯವರಾಗಿ ಬಂದ ಬ್ರಾಡ್ಮನ್ 270 ಹೊಡೆದರು. ಫಿಂಗಲ್ಟನ್ ಜೊತೆ 346 ರನ್ ಜೊತೆಯಾಟ. ಆಸ್ಟ್ರೇಲಿಯಾ 365 ರನ್‌ಗಳಿಂದ ಗೆದ್ದಿತು, ಕೊನೆಗೆ ಸರಣಿಯನ್ನೂ 3-2ರಲ್ಲಿ ಗೆದ್ದಿತು. ಅಲೆನ್ ಇನ್ನೂ ಬೇಗ ಡಿಕ್ಲೇರ್ ಮಾಡಿದ್ದರೆ ಬ್ರಾಡ್ಮನ್ ಅವರೇ ಆ ಸಂಜೆ ಸಿಕ್ಕಿಬೀಳುತ್ತಿದ್ದರೇನೋ.

ಈಗ ನಮ್ಮ ಬೆಂಗಳೂರಿಗೆ ಬರೋಣ. 1987ರ ಮಾರ್ಚ್. ಭಾರತ-ಪಾಕಿಸ್ತಾನ ಸರಣಿಯ ಮೊದಲ ನಾಲ್ಕು ಟೆಸ್ಟ್ ಡ್ರಾ ಆಗಿದ್ದವು. ಐದನೆಯದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಮೊದಲ ದಿನದಿಂದಲೇ ತಿರುಗುವ ಪಿಚ್. ಪಾಕಿಸ್ತಾನ 116ಕ್ಕೆ ಆಲೌಟ್. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ತೆಗೆದರು. ಕೆಲಸ ಮುಗಿಯಿತು ಅನ್ನಿಸಿರಬೇಕು ಅಲ್ವಾ? ಭಾರತ 145ಕ್ಕೆ ಮುಗಿಯಿತು.

ಈ ಪಂದ್ಯದಲ್ಲಿ ನನಗೆ ಬಹಳ ಹಿಡಿಸುವುದು ಪಾಕಿಸ್ತಾನದ ನಾಯಕ ಇಮ್ರಾನ್ ಖಾನ್ ಅವರ ತಂಡದ ಆಯ್ಕೆ. ಅವರ ಬಳಿ ಅಬ್ದುಲ್ ಖಾದಿರ್ ಇದ್ದರು. ಆ ಕಾಲದ ಬಹು ದೊಡ್ಡ ಲೆಗ್ ಸ್ಪಿನ್ನರ್. ಅವರನ್ನು ಕೂರಿಸಿ ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ ಅವರನ್ನು ಆಡಿಸಿದರು. ಜೊತೆಗೆ ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್. ಇಬ್ಬರೂ ಒಂದೇ ಜಾಗಕ್ಕೆ, ಗಂಟೆಗಟ್ಟಲೆ, ಬೇಸರವಿಲ್ಲದೆ ಬೌಲ್ ಮಾಡಬಲ್ಲವರು. ಪಿಚ್ಚೇ ಚೆಂಡನ್ನು ತಿರುಗಿಸುವಾಗ ಬೌಲರ್ ಮಾಡಬೇಕಾದದ್ದು ಚೆಂಡನ್ನು ಸರಿಯಾದ ಜಾಗದಲ್ಲಿ ಹಾಕುವುದಷ್ಟೇ. ಉಳಿದದ್ದನ್ನು ನೆಲ ನೋಡಿಕೊಳ್ಳುತ್ತದೆ. ಇಬ್ಬರಿಗೂ ಆ ಪಂದ್ಯದಲ್ಲಿ ತಲಾ 9 ವಿಕೆಟ್ ಬಿದ್ದವು.

ಭಾರತಕ್ಕೆ ಕೊನೆಯ ಇನಿಂಗ್ಸ್‌ನಲ್ಲಿ 221 ಬೇಕಿತ್ತು. ಸುನಿಲ್ ಗಾವಸ್ಕರ್ 96 ಹೊಡೆದರು. ಅದೇ ಅವರ ಕೊನೆಯ ಟೆಸ್ಟ್. ತಿರುಗುವ ಪಿಚ್ ಮೇಲೆ ಹೇಗೆ ಆಡಬೇಕು ಅಂತ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಆ ಇನಿಂಗ್ಸ್ ಹೆಸರು ಹೇಳುತ್ತೇನೆ. ಚೆಂಡನ್ನು ಹುಡುಕಿಕೊಂಡು ಹೋಗದೆ, ಅದು ತಿರುಗಿ ಮುಗಿಯುವವರೆಗೆ ಕಾದು, ಸಡಿಲ ಕೈಗಳಿಂದ ಕಾಲ ಬಳಿಯೇ ಬೀಳಿಸುವುದು. ಕ್ಯಾಚ್‌ಗಾಗಿ ಬ್ಯಾಟರ್ ಪಕ್ಕದಲ್ಲೇ, ಶಾರ್ಟ್ ಲೆಗ್, ಸಿಲ್ಲಿ ಪಾಯಿಂಟ್‌ನಲ್ಲಿ ನಿಂತವರ ಕೈ ಖಾಲಿ ಉಳಿಯುವುದು ಹಾಗೆ ಆಡಿದಾಗ. ಆದರೂ ಭಾರತ 16 ರನ್‌ಗಳಿಂದ ಸೋತಿತು. ಕೊನೆಗೆ ಔಟಾದವರು ನಮ್ಮ ರೋಜರ್ ಬಿನ್ನಿ.

ಅತಿಯಾಗಿ ತಿರುಗುವ ಪಿಚ್ ಎರಡು ತಂಡಗಳ ನಡುವಿನ ಅಂತರವನ್ನು ಅಳಿಸಿಹಾಕುತ್ತದೆ. ನಿಮ್ಮ ಬಳಿ ಜಗತ್ತಿನ ಒಳ್ಳೆಯ ಸ್ಪಿನ್ನರ್ ಇದ್ದಾನೆ, ಎದುರಾಳಿ ಬಳಿ ಸಾಧಾರಣ ಸ್ಪಿನ್ನರ್ ಇದ್ದಾನೆ ಅಂದುಕೊಳ್ಳಿ. ಒಳ್ಳೆಯ ಪಿಚ್ ಮೇಲೆ ಆ ವ್ಯತ್ಯಾಸ ಐದು ದಿನವೂ ಕಾಣುತ್ತದೆ. ಕಿತ್ತುಹೋದ ಪಿಚ್ ಮೇಲೆ ಇಬ್ಬರಿಗೂ ವಿಕೆಟ್ ಬೀಳುತ್ತವೆ. ಮನೆಯಂಗಳದ ತಂಡಕ್ಕೆ ಇದರಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ.

2017ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಅದೇ ಆಯಿತು. ಅಶ್ವಿನ್, ಜಡೇಜ ಇದ್ದ ಭಾರತ ತನ್ನ ನೆಲದಲ್ಲಿ 105 ಮತ್ತು 107ಕ್ಕೆ ಆಲೌಟ್. ಆಸ್ಟ್ರೇಲಿಯಾದ ಸ್ಟೀವ್ ಓಕೀಫ್ ಎರಡೂ ಇನಿಂಗ್ಸ್‌ನಲ್ಲಿ 35 ರನ್‌ಗೆ 6 ವಿಕೆಟ್ ತೆಗೆದರು. ಅವರು ದೊಡ್ಡದಾಗಿ ತಿರುಗಿಸಿಯೇ ಅಷ್ಟು ವಿಕೆಟ್ ತೆಗೆದದ್ದಲ್ಲ. ತಿರುಗುತ್ತದೆ ಅಂತ ಕಾದವರಿಗೆ ನೇರ ಬಂದ ಚೆಂಡು ಮುಳುವಾಯಿತು. ಜಾಸ್ತಿ ತಿರುಗಿದ ಚೆಂಡು ಬ್ಯಾಟನ್ನು ದಾಟಿ ಸುಮ್ನೆ ಕೀಪರ್ ಕೈಗೆ ಹೋಗುತ್ತದೆ. ನೇರ ಬಂದದ್ದು ಪ್ಯಾಡಿಗೆ, ಸ್ಟಂಪಿಗೆ ಬಡಿಯುತ್ತದೆ. ಅನಿಲ್ ಕುಂಬ್ಳೆ ಇದನ್ನು ಬಹಳ ಮುಂಚೆಯೇ ತೋರಿಸಿದ್ದರು. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್‌ಗೆ ಕಿತ್ತಾಗ ಅವರ ಬಲ ವೇಗ, ನೇರ ದಾರಿ ಮತ್ತು ಆ ಪಿಚ್‌ನ ಏರುಪೇರಾದ ಪುಟಿತ.

ಪುಣೆಯ ನಂತರದ ಟೆಸ್ಟ್ ಬೆಂಗಳೂರಿನಲ್ಲಿ. ಭಾರತ ತಂಡದ ಲೆಕ್ಕ ಬದಲಾಯಿತು. ಸ್ಪಿನ್ನರ್ ಜಯಂತ್ ಯಾದವ್ ಹೊರಗೆ, ಬ್ಯಾಟರ್ ಕರುಣ್ ನಾಯರ್ ಒಳಗೆ. ನಾಲ್ಕೇ ಬೌಲರ್‌ಗಳು ಸಾಕು, ರನ್ ಬೇಕು ಅನ್ನುವ ತೀರ್ಮಾನ. ಆದರೂ ಮೊದಲ ದಿನ ನೇಥನ್ ಲಯನ್ 50ಕ್ಕೆ 8 ತೆಗೆದು ಭಾರತವನ್ನು 189ಕ್ಕೆ ಕಟ್ಟಿಹಾಕಿದರು. ಕೆ.ಎಲ್. ರಾಹುಲ್ 90 ಹೊಡೆಯದಿದ್ದರೆ ಪಂದ್ಯ ಅಲ್ಲೇ ಮುಗಿಯುತ್ತಿತ್ತು.

ಎರಡನೇ ದಿನ ನಡೆದದ್ದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ನನ್ನ ಪ್ರಕಾರ ಭಾರತ ಪಂದ್ಯ ಉಳಿಸಿಕೊಂಡದ್ದು ಅವತ್ತೇ. ಇಡೀ ದಿನ ಆಡಿ ಆಸ್ಟ್ರೇಲಿಯಾ ಗಳಿಸಿದ್ದು 197 ರನ್. ವಿಕೆಟ್ ಬೇಗ ಬೀಳದಿದ್ದರೂ ಬೌಲರ್‌ಗಳು ಸ್ಟಂಪಿನ ದಾರಿ ಬಿಡಲಿಲ್ಲ. ನಾಲ್ಕನೇ ಇನಿಂಗ್ಸ್ ಎದುರಾಳಿ ಆಡಬೇಕು ಅನ್ನುವುದು ಗೊತ್ತಿದ್ದಾಗ, ಮುನ್ನಡೆಯನ್ನು ಚಿಕ್ಕದಾಗಿ ಇಡುವುದೇ ದೊಡ್ಡ ತಂತ್ರ. ಅದು 87ಕ್ಕೆ ನಿಂತಿತು. ಆಮೇಲೆ ಪೂಜಾರ 92, ರಹಾನೆ 52. ಇಬ್ಬರೂ ಸೇರಿ 118 ರನ್. ಆಸ್ಟ್ರೇಲಿಯಾಕ್ಕೆ ಬೇಕಾದದ್ದು 188. ಅಷ್ಟರಲ್ಲಿ ಚೆಂಡು ಕೆಲವೊಮ್ಮೆ ನೆಲ ಸವರಿಕೊಂಡು ಬರುತ್ತಿತ್ತು. ಉಮೇಶ್ ಯಾದವ್ ಅವರ ಅಂಥದ್ದೊಂದು ಚೆಂಡಿಗೆ ಸ್ಟೀವ್ ಸ್ಮಿತ್ ಎಲ್‌ಬಿಡಬ್ಲ್ಯೂ ಆದರು. ಅಶ್ವಿನ್ 41ಕ್ಕೆ 6 ತೆಗೆದರು. 112ಕ್ಕೆ ಎಲ್ಲ ಮುಗಿಯಿತು.

ಇನ್ನು 2024ರ ಅಕ್ಟೋಬರ್. ಅದೇ ಚಿನ್ನಸ್ವಾಮಿ, ಎದುರಾಳಿ ನ್ಯೂಜಿಲೆಂಡ್. ಮೊದಲ ದಿನ ಪೂರ್ತಿ ಮಳೆಗೆ ಹೋಯಿತು. ಪಿಚ್ ಹೊದಿಕೆಯ ಕೆಳಗೆ ಇತ್ತು. ಬಿಸಿಲು ಕಾಣದ ನೆಲದಲ್ಲಿ ತೇವ ಹಾಗೇ ಉಳಿಯುತ್ತದೆ. ಮಾರನೇ ದಿನ ಮೋಡದ ಬೆಳಿಗ್ಗೆ ಟಾಸ್ ಗೆದ್ದ ರೋಹಿತ್ ಶರ್ಮಾ ಬ್ಯಾಟಿಂಗ್ ಆರಿಸಿಕೊಂಡರು. ತಂಡದಲ್ಲಿ ಮೂವರು ಸ್ಪಿನ್ನರ್‌ಗಳು. ಕೊನೆಯ ದಿನಗಳಲ್ಲಿ ಪಿಚ್ ತಿರುಗುತ್ತದೆ ಅನ್ನುವುದು ಲೆಕ್ಕ. ಊಟದ ಹೊತ್ತಿಗೆ 34ಕ್ಕೆ 6. ಆಮೇಲೆ 46ಕ್ಕೆ ಆಲೌಟ್. ಐದು ಜನ ಸೊನ್ನೆ. ಮ್ಯಾಟ್ ಹೆನ್ರಿಗೆ 5, ಎತ್ತರದ ವಿಲಿಯಂ ಓರೂರ್ಕ್‌ಗೆ 4. ಭಾರತ ತನ್ನ ನೆಲದಲ್ಲಿ ಅಷ್ಟು ಕಡಿಮೆ ಮೊತ್ತಕ್ಕೆ ಯಾವತ್ತೂ ಔಟಾಗಿರಲಿಲ್ಲ. ಪಿಚ್ ಓದುವುದರಲ್ಲಿ ತಪ್ಪಿದೆ ಅಂತ ರೋಹಿತ್ ಅವತ್ತೇ ಒಪ್ಪಿಕೊಂಡರು.

ಆದರೆ ಇದೇ ತೀರ್ಮಾನ ಇನ್ನೊಂದು ಕಡೆ ಭಾರತವನ್ನು ಗೆಲ್ಲಿಸಿತ್ತು. 2002ರ ಆಗಸ್ಟ್, ಇಂಗ್ಲೆಂಡಿನ ಹೆಡಿಂಗ್ಲೆ. ಅಲ್ಲೂ ಮೋಡ, ಅಲ್ಲೂ ವೇಗಿಗಳಿಗೆ ಒಲಿಯುವ ಪಿಚ್. ಗಂಗೂಲಿ ಟಾಸ್ ಗೆದ್ದು ಬ್ಯಾಟಿಂಗ್ ಅಂದರು. ಕುಂಬ್ಳೆ, ಹರಭಜನ್ ಇಬ್ಬರನ್ನೂ ಆಡಿಸಿದರು. ಸಂಜಯ್ ಬಾಂಗರ್ ಮತ್ತು ರಾಹುಲ್ ದ್ರಾವಿಡ್ ಆ ದಿನ ಆಫ್ ಸ್ಟಂಪ್ ಎಲ್ಲಿದೆ ಅಂತ ತಿಳಿದುಕೊಂಡು ಚೆಂಡು ಬಿಡುತ್ತಾ, ಮೈಗೆ ತಗುಲಿಸಿಕೊಳ್ಳುತ್ತಾ 170 ಸೇರಿಸಿದರು. ಬಾಂಗರ್ 68, ದ್ರಾವಿಡ್ 148. ಅವರು ಕಷ್ಟದ ಹೊತ್ತು ಕಳೆದ ಮೇಲೆ ಸಚಿನ್ 193, ಗಂಗೂಲಿ 128. ಮೊತ್ತ 628. ಸವೆದ ಪಿಚ್ ಮೇಲೆ ಕುಂಬ್ಳೆ 7 ವಿಕೆಟ್ ತೆಗೆದರು. ಇನಿಂಗ್ಸ್ ಮತ್ತು 46 ರನ್ ಗೆಲುವು. ಮುಂದಿನ ದಿನಗಳ ಪಿಚ್ ನಂಬಿ ತಂಡ ಕಟ್ಟಬಹುದು. ಆದರೆ ಮೊದಲ ಎರಡು ಗಂಟೆ ದಾಟಿಸುವವರು ಬೇಕು. ಹೆಡಿಂಗ್ಲೆಯಲ್ಲಿ ದಾಟಿಸಿದರು, ಬೆಂಗಳೂರಿನಲ್ಲಿ ಆಗಲಿಲ್ಲ.

ಬೆಂಗಳೂರಿನ ಅದೇ ಪಿಚ್ ಬಿಸಿಲು ಬಿದ್ದ ಮೇಲೆ ಬೇರೆಯೇ ಆಯಿತು. ಬೆಂಗಳೂರು ಮೂಲದ ಕುಟುಂಬದ ರಚಿನ್ ರವೀಂದ್ರ 134 ಹೊಡೆದರು. ಭಾರತವೂ ಎರಡನೇ ಇನಿಂಗ್ಸ್‌ನಲ್ಲಿ 462 ಗಳಿಸಿತು. ಸರ್ಫರಾಜ್ ಖಾನ್ 150, ರಿಷಭ್ ಪಂತ್ 99. 3 ವಿಕೆಟ್‌ಗೆ 408 ಇದ್ದದ್ದು ಹೊಸ ಚೆಂಡು ಬಂದ ಮೇಲೆ ಕುಸಿಯಿತು. ಕೊನೆಯ 7 ವಿಕೆಟ್ 54 ರನ್‌ಗೆ ಹೋದವು. 80 ಓವರ್ ನಂತರ ಸಿಗುವ ಹೊಸ ಚೆಂಡು ಅಂದರೆ ಪಿಚ್‌ಗೆ ಮತ್ತೆ ಜೀವ ಬಂದ ಹಾಗೆ. ನ್ಯೂಜಿಲೆಂಡ್ 8 ವಿಕೆಟ್‌ಗಳಿಂದ ಗೆದ್ದಿತು.

ಆಮೇಲಿನ ಹೆಜ್ಜೆ ನನಗೆ ನೋವು ತರುತ್ತದೆ. ಸರಣಿಯಲ್ಲಿ ಹಿಂದೆ ಬಿದ್ದ ಭಾರತ ಪುಣೆಯಲ್ಲಿ ಕಪ್ಪು ಮಣ್ಣಿನ, ತಿರುಗುವ ಪಿಚ್ ಮೇಲೆ ಆಡಿತು. ಮಿಚೆಲ್ ಸ್ಯಾಂಟ್ನರ್ ಚೆಂಡಿನ ವೇಗವನ್ನು ಏರಿಳಿಸುತ್ತಾ 13 ವಿಕೆಟ್ ತೆಗೆದರು. ಮುಂಬೈಯಲ್ಲಿ 147 ಬೇಕಿದ್ದಾಗ ಭಾರತ 121ಕ್ಕೆ ನಿಂತಿತು. ಅಲ್ಲಿ ಏಜಾಜ್ ಪಟೇಲ್‌ಗೆ 11 ವಿಕೆಟ್. ಸತತ 18 ಸರಣಿಗಳನ್ನು ತವರಿನಲ್ಲಿ ಗೆದ್ದಿದ್ದ ತಂಡ 3-0ಯಲ್ಲಿ ಸೋತಿತು. ಮರುವರ್ಷ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ದಕ್ಷಿಣ ಆಫ್ರಿಕಾ ಎದುರು 124 ಬೇಕಿತ್ತು. 93ಕ್ಕೆ ಆಲೌಟ್. ಬುಮ್ರಾ, ಸಿರಾಜ್ ಅಂಥ ವೇಗಿಗಳು, ಜಡೇಜ ಅಂಥ ಸ್ಪಿನ್ನರ್ ಇರುವ ತಂಡಕ್ಕೆ ಮೊದಲೆರಡು ದಿನ ರನ್ ಸಿಗುವ, ಆಮೇಲೆ ನಿಧಾನವಾಗಿ ಸವೆಯುವ ಪಿಚ್ ಕೊಡಿ ಅಂತ ಪಿಚ್ ಸಿದ್ಧಪಡಿಸುವ ಕ್ಯುರೇಟರ್‌ಗಳನ್ನು ಕೇಳಿಕೊಳ್ಳಬೇಕು ಅನ್ನಿಸುತ್ತದೆ. ಆಟ ಐದನೇ ದಿನಕ್ಕೆ ಹೋದಷ್ಟೂ ಹೆಚ್ಚು ಕಲೆ ಇರುವವರು ಮೇಲೆ ಬರುತ್ತಾರೆ.

ಮುಂದಿನ ಸಲ ನೀವು ಟೆಸ್ಟ್ ನೋಡಲು ಕೂತಾಗ ಮೊದಲ ಗಂಟೆ ವಿಕೆಟ್ ಕೀಪರ್ ಮೇಲೆ ಕಣ್ಣಿಡಿ. ವೇಗಿಗಳಿಗೆ ಆತ ಎಷ್ಟು ಹಿಂದೆ ನಿಂತಿದ್ದಾನೆ, ಚೆಂಡು ಎದೆಯ ಮಟ್ಟಕ್ಕೆ ಬರುತ್ತಿದೆಯೋ ಮೊಣಕಾಲಿಗೋ ನೋಡಿ. ಕೀಪರ್ ಪಕ್ಕದಲ್ಲಿ ಕ್ಯಾಚ್‌ಗೆ ಕಾಯುವ ಸ್ಲಿಪ್‌ನವರು ಒಂದೊಂದೇ ಹೆಜ್ಜೆ ಮುಂದೆ ಬಂದರೆ ಪಿಚ್ ನಿಧಾನವಾಗುತ್ತಿದೆ ಅಂತ ಅರ್ಥ. ಸ್ವಲ್ಪ ಹೊತ್ತಿಗೆ ಮೂರನೇ ಸ್ಲಿಪ್ ಕರೆದು ಶಾರ್ಟ್ ಕವರ್‌ಗೆ ನಿಲ್ಲಿಸುತ್ತಾರೆ. ಸ್ಪಿನ್ನರ್ ಕೈಬೆರಳು ಬೆಚ್ಚಗೆ ಮಾಡಿಕೊಳ್ಳಲು ಶುರು ಮಾಡುತ್ತಾನೆ. ಕಾಮೆಂಟರಿಯವರು ಹೇಳುವುದಕ್ಕಿಂತ ಹತ್ತು ನಿಮಿಷ ಮುಂಚೆಯೇ ನಿಮಗೆ ಅದು ತಿಳಿದಿರುತ್ತದೆ.

ನಮಸ್ಕಾರ.