ಮೊದಲು ಮೀಟರ್ ನೋಡಿ

ಎಲ್ಲರಿಗೂ ನಮಸ್ಕಾರ. ಬಡಾವಣೆಯ ಸಂಘದವರು ಕರಪತ್ರದಲ್ಲಿ ‘ಮನೆಖರ್ಚು ತಗ್ಗಿಸುವ ಐವತ್ತು ಉಪಾಯಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಐವತ್ತು ನನ್ನ ಬಳಿ ಇಲ್ಲ. ಇದ್ದರೂ ಹೇಳುತ್ತಿರಲಿಲ್ಲ. ಐವತ್ತು ಉಪಾಯ ಕೇಳಿ ಮನೆಗೆ ಹೋದವರು ಅವುಗಳಲ್ಲಿ ತೀರ ಸುಲಭವಾದ ಎರಡನ್ನು ಮಾಡುತ್ತಾರೆ, ಆ ಎರಡರಿಂದ ಏನೂ ಉಳಿಯುವುದಿಲ್ಲ.

ಮೊಬೈಲ್ ಚಾರ್ಜರನ್ನು ಪ್ಲಗ್ಗಿನಿಂದ ತೆಗೆದಿಡಿ ಎಂಬ ಸಲಹೆಯನ್ನೇ ನೋಡಿ. ಫೋನ್ ಸಿಕ್ಕಿಸದೆ ಬಿಟ್ಟ ಒಳ್ಳೆಯ ಚಾರ್ಜರು ಅರ್ಧ ವ್ಯಾಟ್ ಕೂಡ ಎಳೆಯುವುದಿಲ್ಲ. ಸಾವಿರ ವ್ಯಾಟ್ ಒಂದು ಗಂಟೆ ಎಳೆದರೆ ಬಿಲ್ಲಿನಲ್ಲಿ ಒಂದು ಯೂನಿಟ್; ಈ ಚಾರ್ಜರು ತಿಂಗಳಿಡೀ ಹಾಗೇ ಇದ್ದರೂ ಅರ್ಧ ಯೂನಿಟ್ ಆಗದು. ಅದೇ ಗೋಡೆಯ ಇನ್ನೊಂದು ಪ್ಲಗ್ಗಿನಲ್ಲಿ, ಟಿ.ವಿ. ಆರಿಸಿದ ಮೇಲೂ ಸೆಟ್‌ಟಾಪ್ ಬಾಕ್ಸ್ ಹತ್ತು ವ್ಯಾಟ್ ಎಳೆಯುತ್ತ ಕೂತಿದ್ದರೆ ತಿಂಗಳಿಗೆ ಏಳು ಯೂನಿಟ್ ಅದಕ್ಕೇ ಹೋಯಿತು. ಹನಿಗೂಡಿ ಹಳ್ಳವಾಗುವುದು ನಿಜ. ಆದರೆ ಕೆರೆಯ ತೂಬು ತೆರೆದೇ ಇರುವಾಗ ಏರಿಯ ಮೇಲೆ ಕೂತು ಹನಿ ಎಣಿಸುವವರನ್ನು ಏನೆನ್ನಬೇಕು? ನಾನು ಇವತ್ತು ಹೇಳುವುದಿಷ್ಟೇ: ಯಾವುದು ತೂಬು ಎಂದು ಅಳೆದು ತಿಳಿದುಕೊಳ್ಳಿ, ಆಮೇಲೆ ಕೈ ಹಾಕಿ.

ಅಳೆಯಲು ಹೊಸ ಉಪಕರಣ ಬೇಕಿಲ್ಲ. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಬೆಸ್ಕಾಂ ಮೀಟರ್ ಇದೆಯಲ್ಲ, ಅದರ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂದು ಅಲ್ಲೇ ಅಚ್ಚಾಗಿದೆ. 3200 ಎಂದಿದೆ ಎನ್ನೋಣ. ಮನೆಯ ದೀಪ, ಫ್ಯಾನು, ಟಿ.ವಿ. ಎಲ್ಲ ಆರಿಸಿ, ಒಬ್ಬರು ಗಡಿಯಾರ ಹಿಡಿದು ಮೀಟರ್ ಮುಂದೆ ನಿಲ್ಲಿ. ನಿಮಿಷಕ್ಕೆ ಎಂಟು ಸಲ ಮಿನುಗಿದರೆ ಗಂಟೆಗೆ 480 ಮಿನುಗು. ಅಂದರೆ ಗಂಟೆಗೆ 0.15 ಯೂನಿಟ್. ಏನನ್ನೂ ಬಳಸದ ಮನೆ 150 ವ್ಯಾಟ್ ಎಳೆಯುತ್ತಿದೆ! ಫ್ರಿಜ್ ಓಡುತ್ತಿರಬಹುದು, ಯು.ಪಿ.ಎಸ್. ಬ್ಯಾಟರಿ ತುಂಬಿಸಿಕೊಳ್ಳುತ್ತಿರಬಹುದು. ಒಂದೊಂದನ್ನೇ ಪ್ಲಗ್ಗಿನಿಂದ ತೆಗೆಯುತ್ತ ಬನ್ನಿ, ಯಾವುದಕ್ಕೆ ಮಿನುಗು ನಿಲ್ಲುತ್ತದೆ ನೋಡಿ. ಮಕ್ಕಳಿಗೆ ಈ ಕೆಲಸ ವಹಿಸಿದರೆ ಪತ್ತೇದಾರರ ಹಾಗೆ ಮಾಡುತ್ತಾರೆ, ದೊಡ್ಡವರಂತೆ ಅರ್ಧಕ್ಕೆ ಬಿಡುವುದಿಲ್ಲ.

ಬೆಂಗಳೂರಿನ ಮನೆಗಳಲ್ಲಿ ಈ ಅಳತೆ ಸಾಮಾನ್ಯವಾಗಿ ಬಚ್ಚಲುಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಲ್ಲಿ ಏರ್ ಕಂಡಿಷನರ್ ಇಲ್ಲದೆ ಬದುಕಬಹುದು. ಬಿಸಿನೀರಿಲ್ಲದೆ ಜನವರಿಯಲ್ಲಿ ಯಾರೂ ಸ್ನಾನಕ್ಕೆ ಇಳಿಯುವುದಿಲ್ಲ. ಈಗ ಒಂದು ಲೆಕ್ಕ. ಒಂದು ಯೂನಿಟ್ ವಿದ್ಯುತ್ತು 860 ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ಟ್ಯಾಂಕಿನ ನೀರು 22 ಡಿಗ್ರಿ, ಸ್ನಾನಕ್ಕೆ ಹಿತವಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳಿ. 20 ಲೀಟರಿನ ಬಕೆಟ್ಟಿಗೆ 0.4 ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು. ನಾಲ್ಕು ಜನ ದಿನಾ ಬಕೆಟ್ಟಿನಲ್ಲಿ ಮಿಂದರೆ ತಿಂಗಳಿಗೆ 50 ಯೂನಿಟ್. ನಿಮಿಷಕ್ಕೆ 10 ಲೀಟರ್ ಸುರಿಯುವ ಷವರಿನ ಕೆಳಗೆ ಎಂಟು ನಿಮಿಷ ನಿಂತರೆ 80 ಲೀಟರ್. ಅದೇ ನಾಲ್ಕು ಜನಕ್ಕೆ ತಿಂಗಳಿಗೆ 200 ಯೂನಿಟ್.

200 ಎಂದ ಕೂಡಲೇ ಕೆಲವರ ಮುಖದಲ್ಲಿ ನಗು ಕಂಡಿತು. ಹೌದು, ಅದೇ ಗೆರೆ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಯೋಜನೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ, ಸ್ವಲ್ಪ ಸೇರಿಸಿ, ಒಂದು ಮಿತಿ ಇದೆ. ಮಿತಿ ದಾಟಿದರೆ ಹೆಚ್ಚುವರಿಗೆ ಹಣ ಕಟ್ಟುತ್ತೀರಿ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಆದ್ದರಿಂದ 195ರಲ್ಲಿ ಇರುವ ಮನೆಗೂ 205ರಲ್ಲಿ ಇರುವ ಮನೆಗೂ ನಡುವೆ ಇರುವುದು ಹತ್ತು ಯೂನಿಟ್ಟಿನ ಅಂತರವಲ್ಲ, ಒಂದು ಇಡೀ ಬಿಲ್ಲಿನ ಅಂತರ. ಅಂಥ ಮನೆಯವರು ತಿಂಗಳ ಕೊನೆಯ ವಾರ ಷವರನ್ನು ಮುಚ್ಚಿ ಬಕೆಟ್ ತುಂಬಿಸಿದರೆ ಸಾಕು. ಷವರ್ ಬಿಡಲಾರೆ ಎನ್ನುವವರು ನೀರಿನ ಹರಿವು ತಗ್ಗಿಸುವ ಷವರ್ ತಲೆಯನ್ನು ಹಾಕಿಸಿಕೊಳ್ಳಿ. ನಲ್ಲಿಯ ಬಾಯಿಗೆ ಹಾಕುವ ಏರೇಟರಿನ ಕೆಲಸವೂ ಅದೇ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ.

ಸೋಲಾರ್ ಇದೆಯಲ್ಲ ಎಂದು ಹಿಂದಿನ ಸಾಲಿನವರು ಹೇಳುತ್ತಿದ್ದಾರೆ. ಸಂತೋಷ. ಆದರೆ ಬೆಳಿಗ್ಗೆ ನಲ್ಲಿ ತಿರುಗಿಸಿ, ಬಿಸಿ ಬರುವವರೆಗೆ ತಣ್ಣೀರನ್ನು ಚರಂಡಿಗೆ ಬಿಡುತ್ತೀರೋ ಇಲ್ಲವೋ? ತಾರಸಿಯಿಂದ ನೆಲಮಹಡಿಗೆ ಮುಕ್ಕಾಲು ಇಂಚಿನ ಕೊಳವೆ ಇಪ್ಪತ್ತು ಮೀಟರ್ ಇದ್ದರೆ ಅದರೊಳಗೆ ಆರು ಲೀಟರ್ ನೀರು ನಿಂತಿರುತ್ತದೆ. ಬಕೆಟ್ ಹಿಡಿಯಿರಿ; ನೆಲ ಒರೆಸಲು ಅಷ್ಟೇ ಬೇಕು. ಸಾಧ್ಯವಾದರೆ ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ, ಕೊಳವೆಯ ನೀರು ಪ್ರತಿ ಸಲ ತಣ್ಣಗಾಗುವುದು ತಪ್ಪುತ್ತದೆ. ನಮ್ಮ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪಾಗುತ್ತ ಗುಡ್ಡ ಹತ್ತಿ ಬರುವಂಥದ್ದು. ಮೋರಿಗೆ ಹೋಗುವ ಆ ಆರು ಲೀಟರಿನೊಳಗೂ ವಿದ್ಯುತ್ತೇ ಇದೆ.

ಬೋರ್‌ವೆಲ್ ನೀರಿನ ಮನೆಗಳ ಗೋಳು ಬೇರೆ. ಗಡಸು ನೀರು ಕಾದಾಗ ಸುಣ್ಣದ ಅಂಶ ಪದರಗಟ್ಟಿ ಗೀಸರಿನೊಳಗೆ ನೀರು ಕಾಯಿಸುವ ಎಲಿಮೆಂಟಿಗೆ ಕವಚ ತೊಡಿಸುತ್ತದೆ. ಇದರಿಂದ ಕರೆಂಟು ವಿಪರೀತ ಖರ್ಚಾಗುತ್ತದೆ ಎಂದು ಸರ್ವಿಸಿಗೆ ಬಂದವರು ಹೆದರಿಸುತ್ತಾರೆ. ನಿಜವಾದ ನಷ್ಟ ಅದಲ್ಲ. ಕವಚದೊಳಗೆ ಎಲಿಮೆಂಟು ಮಿತಿಮೀರಿ ಕಾದು ಬೇಗ ಸುಟ್ಟುಹೋಗುತ್ತದೆ, ನಷ್ಟ ಅಲ್ಲಿದೆ. ಶಾಖದ ಮಿತಿ ಕಾಯುವ ಥರ್ಮೋಸ್ಟಾಟನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಪದರ ನಿಧಾನವಾಗಿ ಕಟ್ಟುತ್ತದೆ. ಷವರಿನ ತಲೆ, ಏರೇಟರಿನ ಜಾಲರಿ ಕಟ್ಟಿಕೊಂಡರೆ ಯಾರನ್ನೂ ಕರೆಯಬೇಡಿ. ಕೈಯಲ್ಲೇ ಬಿಚ್ಚಿ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ಬೆಚ್ಚನೆಯ ನೀರಿನಲ್ಲೋ ವಿನೆಗರಿನಲ್ಲೋ ಗಂಟೆಯ ಮಟ್ಟಿಗೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಒಂದೇ ಎಚ್ಚರಿಕೆ: ಆಮ್ಲವಿರುವ ಯಾವುದನ್ನೂ, ಅದು ಶೌಚಾಲಯ ತೊಳೆಯುವ ದ್ರವವಾಗಲಿ ವಿನೆಗರಾಗಲಿ, ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ತಮಾಷೆಯಲ್ಲ.

ಸೋರುವ ನಲ್ಲಿಯ ಸದ್ದು ಕೇಳಿಸುತ್ತದೆ, ಹೇಗೋ ರಿಪೇರಿ ಆಗುತ್ತದೆ. ಸದ್ದಿಲ್ಲದೆ ಸೋರುವುದು ಫ್ಲಷ್ ತೊಟ್ಟಿ. ಅದನ್ನು ಹಿಡಿಯಲು ಎರಡು ಚಮಚ ಕಾಫಿ ಡಿಕಾಕ್ಷನ್ ಸಾಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ತೊಟ್ಟಿಗೆ ಸುರಿದು, ಫ್ಲಷ್ ಮಾಡದೆ ಅರ್ಧ ಗಂಟೆ ಬಿಟ್ಟು ಕೆಳಗೆ ನೋಡಿ. ಬಣ್ಣ ಇಳಿದಿದ್ದರೆ ಒಳಗಿನ ರಬ್ಬರು ಸವೆದಿದೆ ಎಂದರ್ಥ. ಟ್ಯಾಂಕರಿಗೆ ದುಡ್ಡು ಕೊಡುವ ಅಪಾರ್ಟ್‌ಮೆಂಟುಗಳಲ್ಲಿ ಈ ಪರೀಕ್ಷೆಯನ್ನು ಎಲ್ಲ ಮನೆಗಳೂ ಒಂದೇ ರಾತ್ರಿ ಮಾಡಬೇಕು ಎಂದು ನನ್ನ ಒತ್ತಾಯ. ಡಿಕಾಕ್ಷನ್ ಹಾಳಾಯಿತೆಂದು ಅತ್ತೆಯವರು ಬೈದರೆ ಕುಂಕುಮದ ನೀರೂ ಆಗುತ್ತದೆ.

ಇನ್ನು ಫ್ಯಾನು. ಕಡಿಮೆ ವಿದ್ಯುತ್ತಿನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಎಲ್ಲ ಕೋಣೆಗಳಿಗೂ ಹಾಕಿಸಿ ಎಂದು ಜಾಹೀರಾತು ಹೇಳುತ್ತದೆ. ಹಳೆಯದು 75 ವ್ಯಾಟ್, ಹೊಸದು 30 ವ್ಯಾಟ್; ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯುತ್ತದೆ. ಚೆನ್ನೈನಲ್ಲಿ ಇದು ಅಚ್ಚುಕಟ್ಟಾದ ಲೆಕ್ಕ. ನಮ್ಮಲ್ಲಿ ಎಷ್ಟೋ ಮನೆಗಳ ಫ್ಯಾನು ನಿಜವಾಗಿ ದುಡಿಯುವುದು ಬೇಸಿಗೆಯ ಮೂರು ತಿಂಗಳು. ಮಲಗುವ ಕೋಣೆಗೆ ಒಂದು ಹಾಕಿಸಿ. ಅತಿಥಿಗಳ ಕೋಣೆಯ ಫ್ಯಾನನ್ನು ಅದರ ಪಾಡಿಗೆ ಬಿಡಿ. ಫ್ಯಾನು ನಿಧಾನವಾಯಿತೆಂದು ಹೊಸದಕ್ಕೆ ಓಡುವ ಮೊದಲು, ಮೋಟರು ತಿರುಗಲು ನೆರವಾಗುವ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗವನ್ನು ಶಂಕಿಸಿ. ಹೆಚ್ಚಿನ ಫ್ಯಾನುಗಳಲ್ಲಿ 2.5 ಮೈಕ್ರೋಫ್ಯಾರಡಿನದು ಇರುತ್ತದೆ, ಎಸ್.ಪಿ. ರಸ್ತೆಯಲ್ಲಾಗಲಿ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ನೂರು ರೂಪಾಯಿಯೊಳಗೆ ಸಿಗುತ್ತದೆ. ಹಳೆಯದನ್ನು ತೋರಿಸಿ ಅದೇ ಅಳತೆಯದನ್ನು ಕೊಳ್ಳಿ. ಬಿಚ್ಚುವ ಮೊದಲು ಗೋಡೆಯ ಸ್ವಿಚ್ಚು ಮಾತ್ರವಲ್ಲ, ಕರೆಂಟು ಹೆಚ್ಚಾದರೆ ತಾನೇ ಬೀಳುವ ಎಂ.ಸಿ.ಬಿ. ಸ್ವಿಚ್ಚನ್ನೂ ಇಳಿಸಿ.

ಅಡುಗೆಮನೆಯ ಬಗ್ಗೆ ನಾನು ಅಮ್ಮಂದಿರಿಗೆ ಪಾಠ ಹೇಳಲು ಹೊರಟರೆ ನಗೆಪಾಟಲು. ಎರಡೇ ಮಾತು. ಕುಕ್ಕರಿನೊಳಗೆ ಒತ್ತಡ ಏರಿ ನೀರು ಸುಮಾರು 120 ಡಿಗ್ರಿಗೆ ತಲುಪಿದ ಮೇಲೆ ಉರಿ ಎಷ್ಟೇ ದೊಡ್ಡದಿದ್ದರೂ ಶಾಖ ಏರದು, ಹೆಚ್ಚಿನದೆಲ್ಲ ಸೀಟಿಯಾಗಿ ಹೊರಗೆ ಹೋಗುತ್ತದೆ. ಮೊದಲ ಸೀಟಿಗೇ ಉರಿ ಸಣ್ಣದು ಮಾಡಿ, ಸೀಟಿ ಎಣಿಸುವ ಬದಲು ನಿಮಿಷ ನೋಡಿ. ಒಲೆಯ ಉರಿ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಸಾಮಾನ್ಯವಾಗಿ ಬರ್ನರಿನ ತೂತುಗಳು ಕಟ್ಟಿರುತ್ತವೆ. ತಣ್ಣಗಾದ ಮೇಲೆ ಬಿಚ್ಚಿ, ಸೂಜಿಯಿಂದ ಬಿಡಿಸಿ, ತೊಳೆದು ಪೂರ್ತಿ ಒಣಗಿಸಿ ಹಾಕಿ.

ಕೈಯಾರೆ ಮಾಡಬಾರದ್ದನ್ನೂ ಹೇಳಿಬಿಡುತ್ತೇನೆ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಬೇಡಿ. ರಬ್ಬರ್ ಕೊಳವೆಯ ಮೇಲಿನ ದಿನಾಂಕ ನೋಡಿ, ಐದು ವರ್ಷ ದಾಟಿದ್ದರೆ ಬದಲಾಯಿಸಿ. ಸೋರಿಕೆಯ ಅನುಮಾನವಿದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ, ಬೆಂಕಿಕಡ್ಡಿ ಗೀರಬೇಡಿ. ಗೀಸರಿನ ಸುರಕ್ಷತಾ ವಾಲ್ವ್ ಸೋರುತ್ತಿದೆಯೆಂದು ಎಂದೂ ಮುಚ್ಚಬೇಡಿ, ತಿಳಿದವರನ್ನು ಕರೆಸಿ. ಎಂ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ ದೊಡ್ಡದನ್ನು ಹಾಕಿಸುವವರಿದ್ದಾರೆ. ಆಮೇಲೆ ಸುಡುವುದು ಗೋಡೆಯೊಳಗಿನ ತಂತಿ. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು ಕರೆಂಟು ಸೋರಿದರೆ ತಾನೇ ಬೀಳುವ ಆರ್.ಸಿ.ಸಿ.ಬಿ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ತಟ್ಟನೆ ಬಿದ್ದರೆ ಸರಿಯಾಗಿದೆ. ಬೀಳದಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್ ಬರಲಿ, ಆ ಕೂಲಿಯಲ್ಲಿ ಚೌಕಾಸಿ ಬೇಡ.

ಮಳೆನೀರಿನ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಮೂವತ್ತು-ನಲವತ್ತರ ಸೈಟಿನಷ್ಟು ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 1,100 ಲೀಟರ್. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಸೋಸಿ ನೆಲದಡಿಯ ತೊಟ್ಟಿಗೆ (ಸಂಪ್) ತಿರುಗಿಸಬೇಕು. ವಿವರವಾಗಿ ಕಣ್ಣಾರೆ ನೋಡಬೇಕಾದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನವೇ ಇದೆ; ನನ್ನ ಮಾತಿಗಿಂತ ಅಲ್ಲಿನ ಮಾದರಿಗಳು ಮೇಲು.

ಮೇಜಿನ ಮೇಲೆ ಎರಡು ನಲ್ಲಿಗಳನ್ನು ಇಟ್ಟಿದ್ದೇನೆ. ಒಂದು ಹಳೆಯ ಕಾಲದ ವಾಷರಿನದು, ಇನ್ನೊಂದು ಅರ್ಧ ಸುತ್ತಿಗೆ ತೆರೆಯುವ ಸೆರಾಮಿಕ್ ಸ್ಪಿಂಡಲಿನದು. ಮೊದಲನೆಯದಕ್ಕೆ ಕೆಲವು ರೂಪಾಯಿಯ ವಾಷರ್ ಸಾಕು, ಎರಡನೆಯದಕ್ಕೆ ಸ್ಪಿಂಡಲನ್ನೇ ಬದಲಿಸಬೇಕು. ಸ್ಪ್ಯಾನರ್, ಟೆಫ್ಲಾನ್ ಟೇಪು ಎರಡೂ ಇವೆ. ಬಿಚ್ಚಿ ಜೋಡಿಸಿ ನೋಡುತ್ತೇವೆ ಎನ್ನುವವರು ಇಬ್ಬಿಬ್ಬರಾಗಿ ಮುಂದೆ ಬನ್ನಿ, ಅಷ್ಟರಲ್ಲಿ ಉಳಿದವರು ಪ್ರಶ್ನೆ ಕೇಳಬಹುದು.